ಸೇಂಟ್ ಕಿಲ್ಡಾಕ್ಕೆ ಹೊರಟವರು ಒಂದೆರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಿ

ಸ್ಕಾಟ್ಲೆಂಡಿನ ಪಶ್ಚಿಮದ ಔಟರ್ ಹೆಬ್ರಿಡೀಸ್ ದ್ವೀಪಗಳನ್ನೂ ದಾಟಿ, ಅಟ್ಲಾಂಟಿಕ್ ಸಾಗರದಲ್ಲಿ ಮತ್ತೆ 64 ಕಿ.ಮೀ. ಆಚೆ ಸೇಂಟ್ ಕಿಲ್ಡಾ ಇದೆ. ಕೊನೆಯ 36 ನಿವಾಸಿಗಳು 1930ರ ಆಗಸ್ಟ್ 29ರಂದು ಮುಖ್ಯ ದ್ವೀಪ ಹಿರ್ತಾ ಬಿಟ್ಟು ಹೋದರು. ಈಗ ಅಲ್ಲಿ ಖಾಯಂ ಆಗಿ ನೆಲೆಸಿರುವವರು ಯಾರೂ ಇಲ್ಲ. ಬೇಸಿಗೆಯಲ್ಲಿ ದ್ವೀಪವನ್ನು ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡಿನ ವಾರ್ಡನ್‌ಗಳು, ಸಂಶೋಧಕರು ಮತ್ತು ಸೇನೆಯ ರೇಡಾರ್ ಕೇಂದ್ರದ ಸಿಬ್ಬಂದಿ ಇರುತ್ತಾರೆ, ಅಷ್ಟೆ. ಉಳಿದದ್ದೆಲ್ಲ ಕಡಲಹಕ್ಕಿಗಳದ್ದೇ.

ಪ್ರವಾಸಿ ದೋಣಿಗಳು ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಓಡುತ್ತವೆ. ಬಿಲದಲ್ಲಿ ಗೂಡು ಕಟ್ಟುವ ಪಫಿನ್ ಹಕ್ಕಿ ನೋಡಲೇಬೇಕು ಎನ್ನುವವರು ಮೇ ಮಧ್ಯದಿಂದ ಜುಲೈ ಮಧ್ಯದೊಳಗೆ ಹೋಗಬೇಕು. ಆಗಸ್ಟ್ ಬಂದರೆ ಅವು ಬಿಲ ಬಿಟ್ಟು ಸಮುದ್ರ ಸೇರಿರುತ್ತವೆ. ಗ್ಯಾನೆಟ್ ಎಂಬ ದೊಡ್ಡ ಬಿಳಿ ಕಡಲಹಕ್ಕಿಗಳು ಮಾತ್ರ ಸೆಪ್ಟೆಂಬರ್‌ವರೆಗೂ ಸಿಗುತ್ತವೆ. ಹ್ಯಾರಿಸ್ ದ್ವೀಪದ ಲೆವರ್‌ಬರೋದಿಂದ ಎರಡೂವರೆಯಿಂದ ಮೂರು ಗಂಟೆ ಪ್ರಯಾಣ. ಸ್ಕೈ ದ್ವೀಪದಿಂದಲೂ ದೋಣಿಗಳಿವೆ, ಅಲ್ಲಿಂದ ಸುಮಾರು ನಾಲ್ಕು ಗಂಟೆ. ಸಮುದ್ರ ಒಗ್ಗದವರಿಗೆ ಆ ಹೆಚ್ಚುವರಿ ಸಮಯ ದೊಡ್ಡದೇ, ಹಾಗಾಗಿ ಹ್ಯಾರಿಸ್ ವಾಸಿ. ಹೆಚ್ಚಿನ ದೋಣಿಗಳಲ್ಲಿ ಹನ್ನೆರಡೇ ಸೀಟು. ಜೂನ್ ತಿಂಗಳ ಸೀಟಿಗೆ ಚಳಿಗಾಲದಲ್ಲೇ ಬರೆದು ಕೇಳಬೇಕು.

ಹೋಗುವುದೋ ಬಿಡುವುದೋ ಎಂಬುದು ಸಾಮಾನ್ಯವಾಗಿ ಹಿಂದಿನ ಸಂಜೆಯ ಹವಾಮಾನ ನೋಡಿ ತೀರ್ಮಾನವಾಗುತ್ತದೆ. ಅದಕ್ಕೇ ಹಲವು ದೋಣಿಯವರು ಟಿಕೆಟ್ ಕೊಡುವಾಗಲೇ ಮರುದಿನವನ್ನೂ ಖಾಲಿ ಇಟ್ಟುಕೊಳ್ಳಿ ಎನ್ನುತ್ತಾರೆ. ನಮ್ಮ ಸಲಹೆ ಇನ್ನೂ ಒಂದು ದಿನ ಹೆಚ್ಚು: ಹ್ಯಾರಿಸ್‌ನಲ್ಲಿ ಮೂರು ರಾತ್ರಿಗಾದರೂ ಕೋಣೆ ಹಿಡಿಯಿರಿ, ವಾಪಸು ವಿಮಾನದ ಟಿಕೆಟ್ ಅದಕ್ಕೆ ತಾಗಿಸಬೇಡಿ. ಲೆವರ್‌ಬರೋದಲ್ಲಿ ಬಿಸಿಲಿದ್ದೂ ಪ್ರವಾಸ ರದ್ದಾದರೆ ಸಿಟ್ಟಾಗಬೇಡಿ. ಹಿರ್ತಾದಲ್ಲಿ ಇಳಿಯಲು ಇರುವುದು ವಿಲೇಜ್ ಬೇ ಒಂದೇ. ಅದು ಆಗ್ನೇಯಕ್ಕೆ ಬಾಯಿ ತೆರೆದ ಕೊಲ್ಲಿ. ಗಾಳಿ ಪೂರ್ವದಿಂದಲೋ ಆಗ್ನೇಯದಿಂದಲೋ ಬೀಸಿದರೆ ಅಲೆ ನೇರ ಒಳಗೆ ನುಗ್ಗುತ್ತದೆ. ಅಲ್ಲಿವರೆಗೆ ಹೋಗಿಯೂ ಇಳಿಯದೆ ಮರಳುವುದುಂಟು.

ಇಳಿಯುವುದು ಹೀಗೆ: ದೊಡ್ಡ ದೋಣಿ ಕೊಲ್ಲಿಯಲ್ಲಿ ಲಂಗರು ಹಾಕುತ್ತದೆ, ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ ಕೆಲವರನ್ನಷ್ಟೇ ಕಲ್ಲಿನ ಜೆಟ್ಟಿಗೆ ಒಯ್ಯುತ್ತಾರೆ. ಎರಡೂ ಕೈ ಖಾಲಿ ಇರಲಿ. ಕ್ಯಾಮೆರಾ ನೀರು ಹೋಗದ ಚೀಲದೊಳಗೆ, ಚೀಲ ಬೆನ್ನಿಗೆ. ಸಿಬ್ಬಂದಿ ಕೈ ಚಾಚಿದಾಗ ಬೆರಳು ಹಿಡಿಯಬೇಡಿ, ಮುಂಗೈ ಹಿಡಿಯಿರಿ. ಅಲೆ ದೋಣಿಯನ್ನು ಮೇಲೆತ್ತಿದಾಗ ಅವರು ಹೇಳುತ್ತಾರೆ, ಆಗಲೇ ಹೆಜ್ಜೆ ಇಡಿ. ಮೆಟ್ಟಿಲಿನ ಪಾಚಿ ಜಾರುತ್ತದೆ.

ವಾಂತಿಯ ಮಾತ್ರೆಯನ್ನು ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದರೆ ಅದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಸಿನ್ನಾರಿಜಿನ್ ಆದರೆ ಹೊರಡುವ ಎರಡು ಗಂಟೆ ಮೊದಲೇ ಆಗಬೇಕು, ನಿದ್ದೆ ತರುತ್ತದೆ ಎಂಬುದೂ ನೆನಪಿರಲಿ. ದೋಣಿಯ ಹಿಂಭಾಗದಲ್ಲಿ ಕುಳಿತು ದಿಗಂತ ನೋಡಿ. ಮೊಬೈಲ್ ನೋಡಿದಿರೋ, ಕೆಟ್ಟಿರಿ.

ಹೊರಡುವ ಹಿಂದಿನ ರಾತ್ರಿ ಚೀಲ ಪೂರ್ತಿ ಕೊಡವಿ. ಶೂಗಳ ಅಡಿಯ ಮಣ್ಣು, ಬೀಜ ತೆಗೆದು ತೊಳೆಯಿರಿ. ಇದು ಬರೀ ಶಾಸ್ತ್ರವಲ್ಲ: ಹಿರ್ತಾದಲ್ಲಿ ಹೆಗ್ಗಣಗಳಿಲ್ಲ, ಬಿಲದಲ್ಲಿ ಮೊಟ್ಟೆಯಿಡುವ ಪಫಿನ್, ಪೆಟ್ರೆಲ್‌ಗಳು ಉಳಿದಿರುವುದಕ್ಕೆ ಅದೂ ಕಾರಣ. ಗರ್ಭಿಣಿ ಹೆಗ್ಗಣ ಒಂದು ಸೇರಿಕೊಂಡರೂ ಸಾಕು. ನಾಯಿಗೂ ಪ್ರವೇಶವಿಲ್ಲ. ಇಳಿದ ಕೂಡಲೇ ವಾರ್ಡನ್ ಐದು ನಿಮಿಷ ಮಾತಾಡುತ್ತಾರೆ, ಆ ದಿನ ಎಲ್ಲಿಗೆ ಹೋಗಬಾರದು ಎಂಬುದು ಗೊತ್ತಾಗುವುದು ಅಲ್ಲೇ.

ದ್ವೀಪದ ಮೇಲೆ ಸಿಗುವುದು ನಾಲ್ಕೈದು ಗಂಟೆ. ಮೊದಲು ಎರಡು ಬೆಟ್ಟಗಳ ನಡುವಿನ ತಗ್ಗಾದ ದಿ ಗ್ಯಾಪ್‌ಗೆ ಹತ್ತಿ, ಕಲ್ಲಿನ ಮನೆಗಳ ಹಳ್ಳಿ ಮತ್ತು ಮ್ಯೂಸಿಯಂ ವಾಪಸು ಬಂದ ಮೇಲೂ ಆಗುತ್ತದೆ. ಗ್ಯಾಪ್‌ಗೆ ನಲವತ್ತು ನಿಮಿಷ ಸಾಕು. ಮೇಲೆ ಹುಲ್ಲು ಇದ್ದಕ್ಕಿದ್ದಂತೆ ಮುಗಿದು ಪ್ರಪಾತ ಶುರುವಾಗುತ್ತದೆ, ಒದ್ದೆಯಿದ್ದರೆ ಅಂಚಿನ ಹತ್ತಿರ ಸುಳಿಯಬೇಡಿ. 430 ಮೀಟರ್ ಎತ್ತರದ ಕೊನಾಹರ್ ಶಿಖರ ಮೋಡದೊಳಗಿದ್ದರೆ ಹತ್ತಿ ಪ್ರಯೋಜನವಿಲ್ಲ. ಗೂಡಿನಲ್ಲಿ ಕುಳಿತ ಫುಲ್ಮಾರ್ ಹಕ್ಕಿಯ ಹತ್ತಿರ ಹೋದರೆ ಅದು ದುರ್ನಾತದ ಎಣ್ಣೆ ಉಗುಳುತ್ತದೆ, ಆ ಜಾಕೆಟ್ಟಿನ ಆಸೆ ಬಿಡಬೇಕು. ಬಯಲಿನಲ್ಲಿ ಗ್ರೇಟ್ ಸ್ಕುವಾ ಹಕ್ಕಿ ತಲೆಗೆರಗಿದರೆ ಕೋಲನ್ನು ತಲೆಗಿಂತ ಎತ್ತರಕ್ಕೆ ಹಿಡಿಯಿರಿ, ಅದು ಎರಗುವುದು ಅತಿ ಎತ್ತರದ ತುದಿಗೆ. ಬೀಸಬೇಡಿ, ಬಂದ ದಾರಿಯಲ್ಲೇ ಹಿಂದೆ ಸರಿಯಿರಿ. ಹಕ್ಕಿಜ್ವರದಿಂದ ಇವುಗಳ ಸಂಖ್ಯೆ ಬಹಳ ಕುಸಿದಿದೆ. ಸತ್ತ ಹಕ್ಕಿ ಕಂಡರೆ ಮುಟ್ಟದೆ ವಾರ್ಡನ್‌ಗೆ ತಿಳಿಸಿ. ಕ್ಲೀಟ್ ಎನ್ನುವ ಕಲ್ಲಿನ ಗೂಡುಮನೆಗಳ ಮೇಲೆ ಹತ್ತಬಾರದು.

ಅಲ್ಲಿ ಹೋಟೆಲಿಲ್ಲ. ಶೌಚಾಲಯವಿದೆ. ಊಟ, ನೀರು ಒಯ್ದು ಕಸವನ್ನು ವಾಪಸು ತನ್ನಿ.

ಮರಳುವಾಗ ದೋಣಿ ಬೋರೆರೇ ದ್ವೀಪ ಸುತ್ತುತ್ತದೆ. ಹಕ್ಕಿ ನೋಡಲು ಬಂದವರಿಗೆ ಹಿರ್ತಾಕ್ಕಿಂತ ಇದೇ ಹೆಚ್ಚು ಎಂದರೂ ತಪ್ಪಿಲ್ಲ. ಅದರ ಪಕ್ಕದ 196 ಮೀಟರಿನ ಸ್ಟಾಕ್ ಆನ್ ಆರ್ಮಿನ್, 172 ಮೀಟರಿನ ಸ್ಟಾಕ್ ಲೀ ಬಂಡೆಗಳು ಗ್ಯಾನೆಟ್‌ಗಳಿಂದ ಬೆಳ್ಳಗಿರುತ್ತವೆ. 2013ರ ಎಣಿಕೆಯಲ್ಲಿ ಸುಮಾರು 60 ಸಾವಿರ ಜೋಡಿಗಳಿದ್ದವು. ದೋಣಿ ತೂಗುತ್ತಲೇ ಇರುವುದರಿಂದ ಕ್ಯಾಮೆರಾದ ಶಟರ್ ವೇಗ 1/2000 ಸೆಕೆಂಡಿಗೆ ಇಟ್ಟುಕೊಳ್ಳಿ, ಉದ್ದದ ಲೆನ್ಸ್ ಬೇಕೆಂದೇನಿಲ್ಲ. ಟೋಪಿ ಖಂಡಿತ ಬೇಕು, ಏಕೆಂದು ಮೇಲೆ ನೋಡಿದರೆ ತಿಳಿಯುತ್ತದೆ, ಬಾಯಿ ಮುಚ್ಚಿಕೊಂಡು ನೋಡಿ.

ದಡ ಸೇರುವಾಗ ಸಂಜೆ ಏಳಾಗಬಹುದು. ಹ್ಯಾರಿಸ್‌ನಲ್ಲಿ ಅಡುಗೆಮನೆಗಳು ಬೇಗ ಮುಚ್ಚುತ್ತವೆ, ಭಾನುವಾರ ಹೆಚ್ಚಿನ ಅಂಗಡಿ, ಪೆಟ್ರೋಲ್ ಬಂಕ್ ತೆರೆಯುವುದೇ ಇಲ್ಲ. ರಾತ್ರಿಯ ಊಟ ಕೋಣೆಯಲ್ಲಿ ಮೊದಲೇ ತಂದಿಟ್ಟಿರಿ.