ಜುನಾ ಬಜಾರಿನ ಹಸಿರು ಸೈಕಲ್ಲು

ಹಳೇ ಸೈಕಲ್ಲು ಕೊಳ್ಳುವವರು ಮೊದಲು ನೋಡುವುದು ತುಕ್ಕು. ನನಗೆ ತುಕ್ಕಿನ ಭಯ ಅಷ್ಟಿಲ್ಲ, ಉಜ್ಜಿದರೆ ಹೋಗುತ್ತದೆ. ಕಚ್ಚಿಕೊಂಡು ಕೂತ ಭಾಗಗಳ ಭಯ ಜಾಸ್ತಿ. ಸೀಟಿನ ಕಂಬವೋ ಹ್ಯಾಂಡಲ್ಲನ್ನು ಹಿಡಿದಿಡುವ ಸ್ಟೆಮ್ಮೋ ಫ್ರೇಮಿನೊಳಗೆ ಹಿಡಿದುಬಿಟ್ಟಿದ್ದರೆ, ಅದನ್ನು ಬಿಡಿಸುವ ಖರ್ಚು ಸೈಕಲ್ಲಿನ ಬೆಲೆಯನ್ನೇ ದಾಟಬಹುದು.

ಪುಣೆಯ ಜುನಾ ಬಜಾರಿನಲ್ಲಿ ಆ ಭಾನುವಾರ ಒಂದು ರೇಸಿಂಗ್ ಸೈಕಲ್ಲು ಕಣ್ಣಿಗೆ ಬಿತ್ತು. ಕೆಳಕ್ಕೆ ಬಾಗಿದ ಹ್ಯಾಂಡಲ್ಲು, ಮೈಮೇಲೆಲ್ಲ ಯಾರೋ ಗೇಟಿಗೆ ತಂದು ಉಳಿಸಿದ ಹಸಿರು ಬಣ್ಣ. ಕಂಪನಿ ಹೆಸರು ಎಲ್ಲೂ ಇಲ್ಲ. ಮಾರುವವ ‘ಇಂಪೋರ್ಟೆಡ್ ಆಹೆ’ ಅಂದ. ಅಲ್ಲಿ ಬಿಕರಿಗಿಟ್ಟ ಒಡಕು ಮಿಕ್ಸರೂ ಇಂಪೋರ್ಟೆಡ್ಡೇ, ಬಿಡಿ. ನಾನು ಸೀಟನ್ನು ಹಿಡಿದು ತಿರುಗಿಸಿ ನೋಡಿದೆ, ತಿರುಗಿತು. ಸ್ಟೆಮ್ಮೂ ಅಲುಗಿತು. ಹ್ಯಾಂಡಲ್ಲಿನ ಕೆಳಗೆ, ಫ್ರೇಮಿನ ಪೈಪುಗಳು ಕೂಡುವ ಜಾಗದಲ್ಲಿ ಬೆರಳಾಡಿಸಿದೆ. ಮುಂದಿನಿಂದ ಡಿಕ್ಕಿಯಾದ ಸೈಕಲ್ಲಿಗೆ ಅಲ್ಲಿ ಸುಕ್ಕು ಬಿದ್ದಿರುತ್ತದೆ. ಇದರಲ್ಲಿ ಇರಲಿಲ್ಲ. ಚೌಕಾಸಿ ಮಾಡಿ ತಂದೆ.

ಹಡಪ್ಸರದಲ್ಲಿ ಇಂಡಿ ಕಡೆಯ ಕಾಕಾ ಒಬ್ಬರು ಸೈಕಲ್ ರಿಪೇರಿ ಮಾಡುತ್ತಾರೆ. ವಿಜಯಪುರದ ಕಡೆಯವರಿಗೆ ಸೈಕಲ್ ರೇಸಿನ ಹುಚ್ಚು ಗೊತ್ತಲ್ವಾ? ಗಾಡಿ ಕಂಡದ್ದೇ ಕಾಕಾ ಕೈಲಿದ್ದ ಪಂಕ್ಚರ್ ಟ್ಯೂಬು ಬದಿಗಿಟ್ಟರು.

“ಬಣ್ಣ ಆಮ್ಯಾಲ ನೋಡೂಣ ತಂಗಿ. ಮೊದಲ ದಾರ ಹಿಡಿ.”

ಹಿಂದಿನ ಚಕ್ರ ಕೂರುವ ಒಂದು ತುದಿಗೆ ದಾರ ಕಟ್ಟಿ, ಮುಂದೆ ಹ್ಯಾಂಡಲ್ ಪೈಪನ್ನು ಸುತ್ತಿಸಿ, ಇನ್ನೊಂದು ತುದಿಗೆ ಎಳೆದು ಕಟ್ಟಿದೆವು. ದಾರಕ್ಕೂ ಸೀಟಿನ ಪೈಪಿಗೂ ನಡುವಿನ ಸಂದು ಎರಡೂ ಕಡೆ ಒಂದೇ ಇದ್ದರೆ ಫ್ರೇಮು ನೇರ ಇದೆ ಅಂತ ಅರ್ಥ. ನಮ್ಮದರಲ್ಲಿ ಒಂದು ಮಿಲಿಮೀಟರಿನಷ್ಟು ವ್ಯತ್ಯಾಸ. ಕಾಕಾ ತಲೆಯಾಡಿಸಿದರು.

ಪೆಡಲಿನ ಅಚ್ಚು ಕೂರುವ ಜಾಗದಲ್ಲಿ ಗ್ರೀಸು ಒಣಗಿ ಬೆಲ್ಲದ ಅಂಟಿನ ಹಾಗಾಗಿತ್ತು. ಕ್ರ್ಯಾಂಕು, ಅಂದರೆ ಪೆಡಲಿನ ತೋಳು, ಹಳೇ ಕಾಟರ್ ಪಿನ್ನಿನದು; ತೋಳನ್ನು ಅಚ್ಚಿಗೆ ಬಿಗಿಯುವ ಬೆಣೆಗಳು ಅವು. ಅವನ್ನು ಬಡಿದು ತೆಗೆದು, ಡೀಸೆಲ್ಲಿನಲ್ಲಿ ತೊಳೆದಾಗ ಬಲಗಡೆಯ ಕಪ್ಪಿನ (ಬೇರಿಂಗಿನ ಗುಂಡುಗಳು ಕೂರುವ ಬಟ್ಟಲಿನ) ಮೇಲೆ 1.37 × 24 ಅಂತ ಕೊರೆದದ್ದು ಕಂಡಿತು. ಅದು ತಿರುಪಿನ ಇಂಗ್ಲಿಷ್ ಅಳತೆ. ಹೆಸರಿಲ್ಲದ ಸೈಕಲ್ಲಿಗೆ ಅಷ್ಟಾದರೂ ಗುರುತು ಸಿಕ್ಕಿತು. ನಾನು ಸ್ಪ್ಯಾನರ್ ಎತ್ತಿಕೊಂಡೆ.

“ಅದಕ್ಕ ಕೈ ಹಚ್ಚಬ್ಯಾಡ. ಉಲ್ಟಾ ತಿರುಪಿನ ಆಟೆ ಐತಿ. ಎಲ್ಲಾದರಂಗ ತಿರುವಿದ್ರ ಇನ್ನಷ್ಟ ಬಿಗಿ ಆಗ್ತೈತಿ. ಅಲ್ಲೇ ಇರ್ಲಿ, ಒರೆಸಿದ್ರ ಸಾಕು.”

ಕಪ್ಪಿನೊಳಗೆ ಗುಂಡಿ ಬಿದ್ದಿರಲಿಲ್ಲ, ಹಾಗಾಗಿ ಗುಂಡುಗಳನ್ನು ಮಾತ್ರ ಬದಲಿಸಿದೆವು. ಕಾಲಿಂಚಿನವು, ಒಂದೊಂದು ಬದಿಗೆ 11. ನಮ್ಮ ಸಾದಾ ಕರೀ ಸೈಕಲ್ಲಿಗೂ ಕಾಲಿಂಚಿನ ಗುಂಡೇ ಆದ್ದರಿಂದ ಹುಡುಕಾಟವಿಲ್ಲ. ಹೊಸ ಕಾಟರ್ ಪಿನ್ನೂ 9.5 ಮಿಲಿಮೀಟರಿನದೇ ಸಿಕ್ಕಿತು. ಅದರ ಚಪ್ಪಟೆ ಮುಖವನ್ನು ಕಾಕಾ ಅರ ಹಾಕಿ ಉಜ್ಜಿ ಉಜ್ಜಿ ಕೂರಿಸಿದರು. ಎರಡೂ ಪಿನ್ನಿಗೆ ಒಂದೇ ಅಳತೆ ಬರದಿದ್ದರೆ ಪೆಡಲುಗಳು ಒಂದೇ ಸಾಲಿಗೆ ನಿಲ್ಲುವುದಿಲ್ಲ.

ಚೈನಿನ ತೀರ್ಮಾನ ಬೇಗ ಆಯಿತು. 24 ಕೊಂಡಿಗೆ ಸರಿಯಾಗಿ 12 ಇಂಚು ಬರಬೇಕು, ಇದು ಇಂಚಿನ ಎಂಟನೇ ಒಂದು ಭಾಗ ಉದ್ದವಾಗಿತ್ತು. ಇಷ್ಟು ಸವೆದ ಚೈನು ಫ್ರೀವೀಲಿನ ಹಲ್ಲನ್ನೂ ತಿಂದಿರುತ್ತದೆ. ಹಳೇ ಹಲ್ಲಿಗೆ ಹೊಸ ಚೈನು ಹಾಕಿದರೆ ಜಿಗಿಯುತ್ತದೆ, ಹಾಗಾಗಿ ಎರಡೂ ಹೊಸದು. ಗೇರಿನ ಲಿವರು ಮಾತ್ರ ಹಳೆಯದೇ. ಟಕ್ ಟಕ್ ಅನ್ನದ ಲಿವರು ಅದು. ಕಿವಿಗೊಟ್ಟು ಕೈಯಿಂದಲೇ ಹೊಂದಿಸಿಕೊಳ್ಳಬೇಕು. ಕೆಡಲು ಅದರಲ್ಲಿ ಏನೂ ಇಲ್ಲ.

ಜಗಳವಾದದ್ದು ಚಕ್ರಕ್ಕೆ. ರಿಮ್ಮಿಗೆ ಮ್ಯಾಗ್ನೆಟ್ ಅಂಟಿತು. ಅಂದರೆ ಉಕ್ಕು. ಪುಣೆಯ ಮಳೆಯಲ್ಲಿ ಒದ್ದೆ ಉಕ್ಕಿನ ಮೇಲೆ ಬ್ರೇಕು ಸುಮ್ನೆ ಜಾರುತ್ತದೆ. ಕಾಕಾಗೆ ಹೊಳೆಯುವ ಆ ಹಳೇ ರಿಮ್ಮೇ ಬೇಕು, ನನಗೆ ಅಲ್ಯೂಮಿನಿಯಂ. ಕೊನೆಗೆ ಚಕ್ರದ ನಡುವಿನ ಹಳೇ ಹಬ್ಬುಗಳನ್ನೇ ಇಟ್ಟುಕೊಂಡು 700ಸಿ ಅನ್ನುವ ಅಳತೆಯ ಅಲ್ಯೂಮಿನಿಯಂ ರಿಮ್ಮಿಗೆ ಹೊಸ ಕಡ್ಡಿ ಹೆಣೆದರು. ಹಳೆಯದು 27 ಇಂಚಿನದು, ಟಯರು ಕೂರುವ ಜಾಗದ ವ್ಯಾಸ 630 ಮಿಲಿಮೀಟರ್. 700ಸಿಗೆ ಅದು 622. ಹಾಗಾಗಿ ಬ್ರೇಕಿನ ರಬ್ಬರನ್ನು ನಾಲ್ಕು ಮಿಲಿಮೀಟರ್ ಕೆಳಗಿಳಿಸಬೇಕು. ಅದೃಷ್ಟಕ್ಕೆ ಬ್ರೇಕಿನ ತೋಳಿನಲ್ಲಿ ಅಷ್ಟು ಜಾಗವಿತ್ತು.

ಹಸಿರು ಬಣ್ಣ ಹಾಗೇ ಇದೆ. ದೀಪಾವಳಿಗೆ ಬಣ್ಣ ಹೊಡೆಯೋಣ ಅಂತ ಕಾಕಾ, ಬೇಡ ಅಂತ ನಾನು. ಕಳ್ಳರಿಗೆ ಇಷ್ಟವಾಗದ ಬಣ್ಣ ಅದು.

ಮೊದಲ ಸವಾರಿ ಖಡಕ್‌ವಾಸ್ಲಾಕ್ಕೆ. ಕಾಟರ್ ಪಿನ್ನು ಮೊದಲ ಓಟದಲ್ಲಿ ಸ್ವಲ್ಪ ಒಳಗಿಳಿದು ನಟ್ಟು ಸಡಿಲವಾಗುತ್ತದೆ ಅಂತ ಕಾಕಾ ಸ್ಪ್ಯಾನರ್ ಕೊಟ್ಟೇ ಕಳಿಸಿದ್ದರು. ಅಣೆಕಟ್ಟಿನ ಹತ್ತಿರ ನಿಲ್ಲಿಸಿ ನೋಡಿದರೆ ಎಡಗಡೆಯದು ಅರ್ಧ ಸುತ್ತು ತಿರುಗಿತು, ಬಲಗಡೆಯದು ಅಲುಗಲಿಲ್ಲ.