ಇಪ್ಪತ್ತನಾಲ್ಕಕ್ಕೂ ಅವರೇ, ತೊಂಬತ್ತಾರಕ್ಕೂ ಅವರೇ

10 ಏಪ್ರಿಲ್ 2025, ಗುರುವಾರ
ಬೆಂಗಳೂರು

ಇವತ್ತು ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿಯವರು ಹುಟ್ಟಿದ ದಿನ. 1918ರಲ್ಲಿ ಹಾರೋಹಳ್ಳಿಯಲ್ಲಿ ಹುಟ್ಟಿದವರು 2021ರ ಮೇ 26ರಂದು ತೀರಿಕೊಂಡರು. ಆಗ ಅವರಿಗೆ 103 ತುಂಬಿತ್ತು. ಮಹಾವೀರ ಜಯಂತಿ ರಜೆ ಇದ್ದದ್ದರಿಂದ ಅಣ್ಣನ ಮಗಳನ್ನು ಕರೆದುಕೊಂಡು ಫ್ರೀಡಂ ಪಾರ್ಕಿಗೆ ಹೋಗಿದ್ದೆ. ಪಿಯುಸಿ ಓದುವ ಹುಡುಗಿ. ಅದು ಮೊದಲು ಸೆಂಟ್ರಲ್ ಜೈಲ್ ಆಗಿತ್ತು ಅಂತ ಅವಳಿಗೆ ಗೊತ್ತಿರಲಿಲ್ಲ. ಹಳೇ ಕಾವಲು ಗೋಪುರ ತೋರಿಸಿದೆ.

1942ರಲ್ಲಿ ದೊರೆಸ್ವಾಮಿ ಆಗಷ್ಟೇ ಹೈಸ್ಕೂಲು ಮೇಷ್ಟ್ರಾಗಿದ್ದರು. ವಯಸ್ಸು 24. ಕ್ವಿಟ್ ಇಂಡಿಯಾ ಚಳವಳಿ ಶುರುವಾದಾಗ ಬೆಂಗಳೂರಿನ ಗಿರಣಿಗಳಲ್ಲಿ ಮುಷ್ಕರ ಕಟ್ಟಲು ಓಡಾಡಿದರು. ಆಮೇಲೆ ಸಿಕ್ಕಿಬಿದ್ದು ಇದೇ ಜೈಲಿನಲ್ಲಿ 14 ತಿಂಗಳು ಕಳೆದರು. ಹಾಗೆ ಜೈಲು ಕಂಡ ಎಷ್ಟೋ ಜನ ಸ್ವಾತಂತ್ರ್ಯ ಬಂದ ಮೇಲೆ ತಮ್ಮ ಕೆಲಸ ಮುಗಿಯಿತು ಅಂದುಕೊಂಡರು. ಇವರು ಅಂದುಕೊಳ್ಳಲಿಲ್ಲ. 1975ರಲ್ಲಿ ತುರ್ತುಪರಿಸ್ಥಿತಿಯನ್ನು ವಿರೋಧಿಸಿ ಪ್ರಧಾನಿಗೇ ಪತ್ರ ಬರೆದು ಮತ್ತೆ ಜೈಲು ಸೇರಿದರು.

"ಅತ್ತೆ, ಅಷ್ಟು ಹೊತ್ತಿಗೆ ಅವರಿಗೆ ಐವತ್ತೇಳು ಆಗಿರತ್ತಲ್ವಾ?" ಅಂದಳು. ಲೆಕ್ಕ ಸರಿಯಾಗೇ ಹಾಕಿದ್ದಳು. ಇನ್ನೂ ಮುಂದಿದೆ ಕೇಳು ಅಂದೆ.

ನನ್ನ ಮನಸ್ಸಿನಲ್ಲಿ ಜಾಸ್ತಿ ಉಳಿದಿರುವುದು 2014. ಬೆಂಗಳೂರಿನ ಬಹಳಷ್ಟು ಕಸವನ್ನು ನಗರದ ಹೊರಗಿನ ಮಂಡೂರು ಎಂಬ ಊರಿನಲ್ಲಿ ಸುರಿಯುತ್ತಿದ್ದರು. ಗಬ್ಬು ವಾಸನೆ, ನೊಣ, ಕೆಟ್ಟುಹೋದ ನೀರು. ನಮ್ಮ ಮನೆಯ ಕಸ ನಮ್ಮ ಕಣ್ಣಿಗೆ ಕಾಣದ ಹಾಗೆ ಹೋದರೆ ಸಾಕು ಅಂತ ನಾವು ನಗರದವರು ಸುಮ್ನಿದ್ದೆವು. ಊರಿನವರು ಲಾರಿ ತಡೆಯಲು ಬೀದಿಗಿಳಿದರು. 96 ವರ್ಷದ ದೊರೆಸ್ವಾಮಿ ಅಲ್ಲಿಗೆ ಹೋಗಿ ಅವರ ಜೊತೆ ಕೂತರು. ಡಿಸೆಂಬರ್ 1ರಿಂದ ಕಸ ಸುರಿಯುವುದನ್ನು ನಿಲ್ಲಿಸುತ್ತೇವೆ ಅಂತ ಸರ್ಕಾರ ಮಾತು ಕೊಡಬೇಕಾಯಿತು. ಕಸ ನಿಂತಿತು ಕೂಡ. ಅದಾದ ಮೇಲೂ ಅವರು ಮನೆಯಲ್ಲಿ ಕೂರಲಿಲ್ಲ. ಸರ್ಕಾರಿ ಜಮೀನು ನುಂಗಿದವರ ವಿರುದ್ಧ ಮಾಜಿ ಶಾಸಕ ಎ.ಟಿ. ರಾಮಸ್ವಾಮಿಯವರ ಜೊತೆ ಟೌನ್‌ಹಾಲ್ ಮುಂದೆ ತಿಂಗಳಿಗೂ ಹೆಚ್ಚು ಕಾಲ ಧರಣಿ ಮಾಡಿದರು.

ಹಿರಿಯರು ಕಿರಿಯರಿಗೆ ಸ್ಫೂರ್ತಿ ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಮಂಡೂರಿನಲ್ಲಿ ಮೊದಲು ಎದ್ದವರು ಊರಿನ ಜನ. ಅವರ ಸಿಟ್ಟು ಈ ಅಜ್ಜನನ್ನು ಕರೆಸಿತು. ಅಜ್ಜ ಬಂದು ಕೂತಿದ್ದಕ್ಕೆ ಊರಿನವರ ಧೈರ್ಯ ಹೆಚ್ಚಿತು. ಯಾರು ಯಾರಿಗೆ ಸ್ಫೂರ್ತಿ ಅಂತ ಬಿಡಿಸಿ ಹೇಳಲು ನನಗಂತೂ ಆಗುವುದಿಲ್ಲ.

ಚಿಕ್ಕವರ ವಿಷಯವೂ ಹಾಗೇ. ಕರ್ನಾಟಕದಲ್ಲಿ 1990ರಲ್ಲೇ ದುಡಿಯುವ ಮಕ್ಕಳು ಭೀಮ ಸಂಘ ಅಂತ ತಮ್ಮದೇ ಸಂಘ ಕಟ್ಟಿಕೊಂಡಿದ್ದರು. ಈಗ ನಮ್ಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಶಾಲೆಯಲ್ಲಿ ಶೌಚಾಲಯಕ್ಕೆ ನೀರಿಲ್ಲ, ಬಸ್ ಹೊತ್ತಿಗೆ ಸರಿಯಾಗಿ ಬರುವುದಿಲ್ಲ ಅಂತ ಮಕ್ಕಳು ಮೈಕ್ ಹಿಡಿದು ಅಧ್ಯಕ್ಷರನ್ನೇ ಕೇಳುತ್ತಾರೆ. ಕೆಲವು ಕಡೆ ಕಾಟಾಚಾರಕ್ಕೆ ಮುಗಿಸುತ್ತಾರೆ, ಅದು ನನಗೆ ಬೇಜಾರು. ಮಕ್ಕಳ ಪ್ರಶ್ನೆಗೆ ಚಪ್ಪಾಳೆ ತಟ್ಟಿದರೆ ಸಾಲದು, ಉತ್ತರ ಕೊಡಬೇಕು. ಹತ್ತು ವರ್ಷದ ಮಗು ಪ್ರಶ್ನೆ ಕೇಳಿದಾಗ, ಅದೇ ಪ್ರಶ್ನೆಯನ್ನು ನುಂಗಿಕೊಂಡು ಕೂತ ಅಪ್ಪ ಅಮ್ಮಂದಿರಿಗೂ ಬಾಯಿ ಬರುತ್ತದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಹುಡುಗಿ ತನ್ನ ಕಾಲೇಜಿನ ಮುಂದಿನ ಫುಟ್‌ಪಾತ್ ವಿಷಯ ತೆಗೆದಳು. ಚಪ್ಪಡಿ ಕಿತ್ತುಹೋಗಿದೆಯಂತೆ, ಕೋಲು ಹಿಡಿದು ನಡೆಯುವ ಅವಳ ಗೆಳತಿ ದಿನಾ ರಸ್ತೆಗೇ ಇಳಿಯಬೇಕಂತೆ. ಅರ್ಜಿ ನೀನೇ ಬರಿ ಅಂದೆ. ಸಂಜೆ ಬರೆದಳು, ಫೋಟೊ ಕೂಡ ಸೇರಿಸಿದಳು. ಮೇಲಿನ ಮನೆಯ ನಿವೃತ್ತ ಮೇಷ್ಟ್ರು ಓದಿ, ಎರಡು ಕಡೆ ತಿದ್ದಿ, ತಾವೂ ಸಹಿ ಹಾಕಿದರು. ಸೋಮವಾರ ಅಂಬೇಡ್ಕರ್ ಜಯಂತಿ ರಜೆ. ಮಂಗಳವಾರ ವಾರ್ಡ್ ಕಚೇರಿಗೆ ಮೂವರೂ ಹೋಗುತ್ತೇವೆ. ಮಾತಾಡುವುದು ಅವಳೇ.