ಸುಗ್ಗಿ ಹಬ್ಬದ ಕಾಣಿಕೆ ಮತ್ತು ಸೇವೆಯ ಹನ್ನೆರಡು ತಿಂಗಳು

ಬಿಳಿಜೋಳದ ರಾಶಿಯಾದ ಮೇಲೆ ಸುಗ್ಗಿ ಹಬ್ಬ ಇಟ್ಟುಕೊಳ್ಳುವುದು ವಿಜಯಪುರ, ಬಾಗಲಕೋಟೆ ಕಡೆಯ ಕ್ರೈಸ್ತ ಸಭೆಗಳಿಗೆ ಚೆನ್ನಾಗಿ ಒಗ್ಗುತ್ತದೆ. ಅಕ್ಟೋಬರಿನಲ್ಲಿ ಇಟ್ಟರೆ ಹಿಂಗಾರಿ ಬಿತ್ತನೆಯ ಬೀಜ, ಗೊಬ್ಬರಕ್ಕೆ ಸುರಿದು ರೈತನ ಕೈ ಖಾಲಿಯಾಗಿರುತ್ತದೆ. ಫೆಬ್ರವರಿ ಹೊತ್ತಿಗೆ ತೊಗರಿ ಮಾರಿ ಜೋಳ ಕಣಕ್ಕೆ ಬಂದಿರುತ್ತದೆ. ಬೂದಿ ಬುಧವಾರ ಮಾತ್ರ ನೋಡಿಕೊಳ್ಳಬೇಕು. ಅದು ಫೆಬ್ರವರಿ 4ರಿಂದ ಮಾರ್ಚ್ 10ರ ನಡುವೆ ಯಾವಾಗ ಬೇಕಾದರೂ ಬರುತ್ತದೆ. ಅಂದಿನಿಂದ ಶುರುವಾಗುವ ಉಪವಾಸದ ನಲವತ್ತು ದಿನಗಳಲ್ಲಿ ಕಾಣಿಕೆ ವಸ್ತುಗಳ ಸವಾಲು, ಅಂದರೆ ಹರಾಜು, ಕೂಗುವುದು ಸಲ್ಲದು. ರಾಶಿ ತಡವಾದರೆ ಈಸ್ಟರ್ ಕಳೆಯುವವರೆಗೆ ಕಾಯುವುದೇ ಒಳ್ಳೆಯದು.

ಪ್ರಥಮ ಫಲದ ಬುಟ್ಟಿಯನ್ನು ಯಜ್ಞವೇದಿಯ ಮುಂದೆ ಇಡಿಸಿದ ಬೈಬಲಿನ ಧರ್ಮೋಪದೇಶಕಾಂಡ 26ನೇ ಅಧ್ಯಾಯ ಅಲ್ಲಿಗೇ ನಿಲ್ಲುವುದಿಲ್ಲ. ಆ ಸಂತೋಷದಲ್ಲಿ ಲೇವಿಯನಿಗೂ ನಿಮ್ಮ ನಡುವೆ ಇರುವ ಪರದೇಶಿಗೂ ಪಾಲಿರಲಿ ಎನ್ನುತ್ತದೆ. ಸೇವೆಗೆ ನಿಂತವನ ಮನೆ, ನೆಲೆ ಬಿಟ್ಟು ಬಂದವನ ಹೊಟ್ಟೆ, ಎರಡೂ ಅದೇ ಬುಟ್ಟಿಯ ಲೆಕ್ಕಕ್ಕೆ ಬಂದವು. ಕಬ್ಬು ಕಡಿಯಲು ಬೆಳಗಾವಿ ಸೀಮೆಗೆ ಬಂದು ಗುಡಿಸಲು ಹಾಕಿದ ಮನೆತನಗಳ ಮಕ್ಕಳಿಗೆ ಸಂಜೆ ಪಾಠ ಹೇಳುವುದು ನಮ್ಮ ಸಭೆಗಳ ಮಿಷನ್ ಕೆಲಸವೇ. ಆ ಪಾಠಕ್ಕೆ ಮತದ ಶರತ್ತು ಅಂಟಿಸಕೂಡದು.

ಈ ನೆಲಕ್ಕೂ ಒಂದು ಕಾಲಕ್ಕೆ ದೂರದ ಕಾಸು ಬಂದದ್ದುಂಟು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಗುಳೇದಗುಡ್ಡದಲ್ಲಿ 1851ರಲ್ಲಿ, ವಿಜಯಪುರದಲ್ಲಿ 1885ರಲ್ಲಿ ನೆಲೆ ಮಾಡಿತು. 1855ರಲ್ಲಿ ಬಾಸೆಲ್‌ನಲ್ಲಿ ಕಾರ್ಲ್ ಸರಾಸಿನ್ ಆರಂಭಿಸಿದ ಸಂಗ್ರಹದಲ್ಲಿ ಒಬ್ಬೊಬ್ಬರು ವಾರಕ್ಕೆ ಕೊಡುತ್ತಿದ್ದದ್ದು ಅರ್ಧ ಬಾಟ್ಸೆನ್, ಬಡವರೂ ಕೊಡಬಹುದಾದ ಚಿಲ್ಲರೆ ಕಾಸು. ತಪ್ಪದೆ ವಾರವಾರವೂ ಬಂದದ್ದರಿಂದ ಅದು ಮಿಷನ್ನಿಗೆ ಆಧಾರವಾಯಿತು. ಮಿಜೋರಾಮಿನ ಸಭೆಯ ಹೆಂಗಸರು 1910ರಲ್ಲಿ ಕಾಣಿಕೆಗೆಂದು ಹಿಡಿ ಅಕ್ಕಿ ತೆಗೆದಿಡಲು ಆರಂಭಿಸಿದರು. ಆ ಸಭೆ ಇಂದು ಹೊರರಾಜ್ಯಗಳಿಗೂ ಸೇವಕರನ್ನು ಕಳಿಸುತ್ತಿದೆ.

ನಮ್ಮಲ್ಲಿ ಅದು ಹಿಡಿಜೋಳ. ಹಿಟ್ಟಿಗೆ ಜೋಳ ಹಸನು ಮಾಡುವ ಹೊತ್ತಿಗೆ ದಿನಕ್ಕೊಂದು ಹಿಡಿಯ ಲೆಕ್ಕದಲ್ಲಿ ಬೇರೆ ಡಬ್ಬಿಗೆ ಹಾಕಿದರೆ ಸಾಕು. ಹಿಡಿಗೆ 50 ಗ್ರಾಂ ಹಿಡಿದರೂ ತಿಂಗಳಿಗೆ ಒಂದೂವರೆ ಕಿಲೋ. ನಲವತ್ತು ಮನೆ ಸೇರಿದರೆ 60 ಕಿಲೋ. ಇದನ್ನು ತಿಂಗಳ ಮೊದಲ ಭಾನುವಾರ ಎತ್ತಲೇಬೇಕು. ಎರಡು ಮೂರು ತಿಂಗಳು ಬಿಟ್ಟರೆ ನುಸಿ ಬೀಳುತ್ತದೆ. ಮಾಲ್ದಂಡಿ ತಳಿಯ ಜೋಳವನ್ನೂ ಹೈಬ್ರಿಡ್ ಜೋಳವನ್ನೂ ಒಂದೇ ಚೀಲಕ್ಕೆ ಸುರಿಯುವುದು ಮತ್ತೊಂದು ತಪ್ಪು. ವ್ಯಾಪಾರಿ ಇಡೀ ಚೀಲಕ್ಕೆ ಕೆಳಗಿನ ದರವನ್ನೇ ಕಟ್ಟುತ್ತಾನೆ. ಎರಡು ಚೀಲ ಬೇರೆ ಇಡಿ, ತೂಕವನ್ನು ಮನೆಯ ಹೆಸರಿಲ್ಲದೆ ಬರೆಯಿರಿ. ಯಾರ ಹಿಡಿ ದೊಡ್ಡದು ಎಂಬ ಮಾತು ದೇವರ ಮನೆಯಲ್ಲಿ ಹುಟ್ಟಬಾರದು.

ಹಬ್ಬದ ದಿನ ಆರಾಧನೆಯಲ್ಲಿ ಎಲ್ಲವನ್ನೂ ಅರ್ಪಿಸಿ ಪ್ರಾರ್ಥಿಸಿದ ಮೇಲಷ್ಟೇ ಸವಾಲು. ಕುಂಬಳಕಾಯಿ, ಬೆಲ್ಲದ ಪೆಂಟೆ, ಶೇಂಗಾ ಹೋಳಿಗೆ, ಜವಾರಿ ಕೋಳಿ, ಗುಳೇದಗುಡ್ಡದ ಖಣ ಸಾಲಾಗಿ ಬರುತ್ತವೆ. ಹುಮ್ಮಸ್ಸಿನಲ್ಲಿ ಕೂಗಿದ ಹಣ ಆಮೇಲೆ ಬಾರದಿರುವುದು ಇಲ್ಲಿನ ದೊಡ್ಡ ತೊಡಕು. ಸವಾಲು ಮುರಿದ ಕೂಡಲೇ ಹೆಸರು, ವಸ್ತು, ಮೊತ್ತ ಬರೆದು ಓದಿ ಹೇಳಬೇಕು, ಕಟ್ಟುವ ಕೊನೆಯ ದಿನವನ್ನೂ ತಿಳಿಸಬೇಕು. ಹಣ ಕೈಗೆ ಬಂದ ಮೇಲೆಯೇ ರಸೀದಿ. ವಿಧವೆಯೊಬ್ಬಳು ತಂದ ಒಂದು ತೆಂಗಿನಕಾಯಿಯನ್ನು ಒಂಟಿಯಾಗಿ ಕೂಗದೆ ಬೇರೆ ವಸ್ತುಗಳ ಜೊತೆ ಸೇರಿಸಿದರೆ ಅವಳ ಕಾಣಿಕೆಗೆ ಮರ್ಯಾದೆ ಉಳಿಯುತ್ತದೆ.

ಎಣಿಕೆಗೆ ಸಂಬಂಧಿಕರಲ್ಲದ ಇಬ್ಬರು ಕೂರಬೇಕು. ಅಪೊಸ್ತಲ ಪೌಲನು ಕಾಣಿಕೆಯನ್ನು ತನ್ನ ಜೊತೆಗೆಲಸದವನಾದ ತೀತನೊಬ್ಬನ ಕೈಗೇ ಬಿಡದೆ ಜೊತೆಗೆ ಸಹೋದರರನ್ನು ಕಳಿಸಿದ್ದು ದೂರಿಗೆ ಎಡೆಯಾಗದಿರಲೆಂದು. 2 ಕೊರಿಂಥ 8 ಓದಿ. ನೋಟಿನ ವಿವರ ಬರೆದು ಇಬ್ಬರೂ ಸಹಿ ಮಾಡಿ, ಸೋಮವಾರವೇ ಬ್ಯಾಂಕಿಗೆ ಕಟ್ಟಬೇಕು.

ಈ ಕಾಣಿಕೆಯನ್ನೇ ನಂಬಿ ಸುವಾರ್ತೆ ಸಾರುವ ಸುವಾರ್ತಿಕರ ಮನೆಗೆ ಹೆಚ್ಚು ನೋವು ಕೊಡುವುದು ಇದರ ನಂತರದ ತಪ್ಪು. ಹಣ ಒಂದೇ ಸುಗ್ಗಿಯಲ್ಲಿ ಬರುತ್ತದೆ, ಅವರ ಮನೆಯ ಒಲೆ ಹನ್ನೆರಡು ತಿಂಗಳೂ ಉರಿಯಬೇಕು. ಏಪ್ರಿಲಿನಲ್ಲಿ ಧಾರಾಳವಾಗಿ ಕೊಟ್ಟು ಆಗಸ್ಟಿನಲ್ಲಿ ಕೈಯೆತ್ತಿದರೆ ಅವರು ಸಾಲಕ್ಕೆ ಬೀಳುತ್ತಾರೆ. ಬಂದದ್ದನ್ನು ಹನ್ನೆರಡು ಪಾಲು ಮಾಡಿ, ತಿಂಗಳ ಮೊದಲ ವಾರ ಅವರ ಖಾತೆಗೆ ಹಾಕುವುದೂ ಹಬ್ಬದ ಹರಕೆಯ ಭಾಗವೇ. ಮುಂದಿನ ವರ್ಷಕ್ಕೆ ಮಾತು ಕೊಡುವಾಗ ಕೂಗಿದ ಮೊತ್ತ ನೋಡಬೇಡಿ, ಹೋದ ವರ್ಷ ನಿಜವಾಗಿ ಜಮೆಯಾದದ್ದನ್ನು ನೋಡಿ.

ಹೊರದೇಶದ ಸೇವೆಗೆ ಸಭೆ ನೇರವಾಗಿ ಹಣ ಕಳಿಸಬಾರದು. ತೆರಿಗೆ ವಿನಾಯಿತಿ ಪಡೆದ ಟ್ರಸ್ಟ್ ತನ್ನ ಆದಾಯವನ್ನು ದೇಶದ ಹೊರಗೆ ವಿನಿಯೋಗಿಸಿದರೆ ಆ ಭಾಗದ ವಿನಾಯಿತಿಗೆ ನೇರ ತೆರಿಗೆ ಮಂಡಳಿಯ ಆದೇಶ ಬೇಕು. ಆದ್ದರಿಂದ ಡಯಾಸಿಸ್ (ಬಿಷಪ್ಪರ ಆಡಳಿತ ಪ್ರಾಂತ್ಯ) ಕಚೇರಿಯನ್ನು ಕೇಳಿಯೇ ಮುಂದುವರಿಯಬೇಕು. ಬರುವ ಹಣಕ್ಕೂ ಕಟ್ಟುಪಾಡಿದೆ. 2010ರ ವಿದೇಶಿ ದೇಣಿಗೆ ಕಾಯ್ದೆಯಡಿ ನೋಂದಣಿ ಇಲ್ಲದ ಸಭೆ ವಿದೇಶಿ ಪ್ರಜೆಯ ಕಾಣಿಕೆ ತೆಗೆದುಕೊಳ್ಳುವಂತಿಲ್ಲ. ನೋಂದಣಿ ಇದ್ದರೂ 2020ರ ತಿದ್ದುಪಡಿಯ ನಂತರ ಅದು ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಹಬ್ಬಕ್ಕೆ ಊರಿಗೆ ಬಂದ ಮೊಮ್ಮಗ ಭಾರತದ ಪಾಸ್‌ಪೋರ್ಟಿನವನಾಗಿದ್ದು, ತನ್ನ ಉಳಿತಾಯವನ್ನು ಬ್ಯಾಂಕಿನ ಮೂಲಕ ಕೊಟ್ಟರೆ ತೊಡಕಿಲ್ಲ. ಜರ್ಮನಿಯ ಪೌರತ್ವ ಪಡೆದಿದ್ದರೆ ಅವನು ಕಾಣಿಕೆ ತಟ್ಟೆಗೆ ಹಾಕುವುದೂ ವಿದೇಶಿ ದೇಣಿಗೆಯೇ. ಆರಾಧನೆಗೆ ಮೊದಲೇ ಖಜಾಂಚಿ ಇದನ್ನು ಪ್ರೀತಿಯಿಂದ ತಿಳಿಸಿದರೆ ಅವನೂ ನೊಂದುಕೊಳ್ಳುವುದಿಲ್ಲ.